ಮೇಲಿಂದ ಕಂಡ ಕತ್ತಲು

ನಾಪೋಕ್ಲು ದಾಟಿದ ಮೇಲೆ ಜೀಪಿನವರು ಕೇಳಿದರು: “ಸಾರ್, ಟಾರ್ಚ್ ತಂದಿದ್ದೀರಾ? ಕಕ್ಕಬೆಯಲ್ಲಿ ಕರೆಂಟ್ ಹೋಗಿ ಎರಡು ದಿನ ಆಯ್ತು.”

ಮೊಬೈಲಿನಲ್ಲೇ ಇದೆಯಲ್ಲ ಎಂದೆ. ಅವರು ನಕ್ಕು ಸುಮ್ಮನಾದರು. ಆ ನಗು ಯಾಕೆಂದು ಅರ್ಧ ಗಂಟೆಯೊಳಗೆ ತಿಳಿಯಿತು. ಕಡೆಯ ಏರು ಕೆಸರಾಗಿ ಜೀಪು ಹತ್ತಲಿಲ್ಲ. ಇಳಿದು ನಡೆಯಬೇಕಾಯಿತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಮೊಬೈಲು, ಬೆನ್ನಿಗೆ ಚೀಲ. ಸೆಪ್ಟೆಂಬರ್ ಮೊದಲ ವಾರದ ಮಳೆ ಮೇಲಿನಿಂದಲೂ ಬರುತ್ತಿತ್ತು, ಪಕ್ಕದಿಂದಲೂ ಬರುತ್ತಿತ್ತು. ಮೀನಖಂಡದ ಮೇಲೆ ಏನೋ ತಣ್ಣಗೆ ಹರಿದ ಹಾಗಾಯಿತು. ಜಿಗಣೆ. ಕಿತ್ತು ಹಾಕೋಣವೆಂದರೆ ಮೂರನೆಯ ಕೈ ಇಲ್ಲ. ಕೊಡೆ ಮಡಚಿದರೆ ಮೊಬೈಲು ನೆನೆಯುತ್ತದೆ, ಮೊಬೈಲು ಜೇಬಿಗಿಟ್ಟರೆ ದಾರಿಯೇ ಇಲ್ಲ. ಜಿಗಣೆಗೆ ಊಟ ಬಿಟ್ಟುಕೊಟ್ಟು ನಡೆದೆ.

ಎರಡೂ ಕಡೆ ಕಾಫಿ ಗಿಡಗಳು, ಅವುಗಳ ಮೇಲೆ ಮರಗಳ ಚಪ್ಪರ, ಅದರ ಮೇಲೆ ಆಕಾಶವಿರಬೇಕು, ಕಾಣುತ್ತಿರಲಿಲ್ಲ. ತಿರುವು ಕಳೆದು ಹೋಂಸ್ಟೇಯ ಅಂಗಳಕ್ಕೆ ಬಂದಾಗ ಕತ್ತಲೆಯ ಮನೆಯೊಳಗಿಂದ ಢಂ ಢಂ ಎಂದು ಎರಡು ಗುಂಡಿನ ಸದ್ದು ಕೇಳಿತು. ಅದರ ಹಿಂದೆಯೇ ಯಾವುದೋ ಮೃಗದ ಕಿರುಚಾಟ. ಕೊನೆಗೆ ಒಬ್ಬ ಹುಡುಗಿಯ ಗೋಳು: “ಅಯ್ಯೋ, ಗುಂಡು ಮುಗೀತು!”

ಕೊಡಗಿನಲ್ಲಿ ಮನೆಮನೆಗೂ ಕೋವಿ ಇರುತ್ತದೆಂದು ಓದಿಕೊಂಡು ಬಂದವನು ನಾನು. ಕಾಲು ಅಲ್ಲೇ ಊರಿತು.

ಬಾಗಿಲು ತೆರೆದ ಹಿರಿಯರು ಹಣೆಗೆ ಟಾರ್ಚ್ ಕಟ್ಟಿಕೊಂಡಿದ್ದರು. ಎರಡೂ ಕೈ ಖಾಲಿ. ಒಂದರಿಂದ ನನ್ನ ಚೀಲ ಇಸಿದುಕೊಂಡರು, ಇನ್ನೊಂದರಿಂದ ನನ್ನ ಕಾಲಿನ ಜಿಗಣೆಯನ್ನು ಚಿವುಟಿ ಮಳೆಗೆ ಎಸೆದರು. “ಬನ್ನಿ, ಹೆದರಬೇಡಿ. ಮಕ್ಕಳು ಕಂಪ್ಯೂಟರಲ್ಲಿ ಯಾರನ್ನೋ ಕೊಲ್ತಾ ಇದ್ದಾರೆ.”

*

ಒಳಗೆ ಲ್ಯಾಪ್‌ಟಾಪಿನ ಬೆಳಕೊಂದೇ. ಜನರೇಟರನ್ನು ಸಂಜೆ ಒಂದು ಗಂಟೆ ಹಾಕುತ್ತಾರೆ, ಆಮೇಲೆ ಬ್ಯಾಟರಿ ಇರುವಷ್ಟು ಹೊತ್ತು ಆಟ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗಳು ಕೀಲಿಮಣೆಯ ಮುಂದೆ, ಎರಡನೇ ಪಿಯುಸಿಯ ಮೊಮ್ಮಗ ಅವಳ ಭುಜದ ಮೇಲೆ ಗದ್ದ ಊರಿಕೊಂಡು. ಪರದೆಯ ಮೂಲೆಯಲ್ಲಿ ಉಳಿದ ಗುಂಡುಗಳ ಲೆಕ್ಕ, ಇನ್ನೊಂದು ಮೂಲೆಯಲ್ಲಿ ಬ್ಯಾಟರಿಯ ಲೆಕ್ಕ. ಎರಡೂ ಇಳಿಯುತ್ತಿದ್ದವು.

ಆಟದ ಹೆಸರು ‘ಟೆಲಿಗ್ಲಿಚ್’. ಎಸ್ಟೋನಿಯಾ ಎಂಬ ಪುಟ್ಟ ದೇಶದಿಂದ 2012ರಲ್ಲಿ ಬಂದದ್ದು. ನಾವು ಚಾವಣಿ ಕಿತ್ತ ಮನೆಯನ್ನು ಮೇಲಿಂದ ಬಗ್ಗಿ ನೋಡುತ್ತಿರುವಂತೆ ಇಡೀ ಆಟ. ಕೋಣೆಗಳು, ಓಣಿಗಳು, ನಡುವೆ ಕಡಲೆಕಾಳಿನಷ್ಟು ದೊಡ್ಡ ಒಬ್ಬ ಮನುಷ್ಯ. ಯಾವುದೋ ದೂರದ ಗ್ರಹದಲ್ಲಿ ಶಸ್ತ್ರಾಸ್ತ್ರ ಕಂಪನಿಯೊಂದು ಸತ್ತ ಸೈನಿಕರನ್ನು ಎಬ್ಬಿಸಿ ನಡೆಸುವ ಪ್ರಯೋಗ ಮಾಡಿ ಕೈ ಸುಟ್ಟುಕೊಂಡಿದೆ. ಉಳಿದಿರುವವನು ಇವನೊಬ್ಬ ವಿಜ್ಞಾನಿ. ಹೊರಬೀಳಬೇಕು.

ನನಗೆ ಮೊದಲು ಬೆರಗಾದದ್ದು ಕತೆಯಲ್ಲ, ಕತ್ತಲು. ನಾವು ನೋಡುತ್ತಿರುವುದು ಮೇಲಿಂದ. ಹಾಗಿದ್ದರೆ ಎಲ್ಲ ಕೋಣೆಯೂ ಕಾಣಬೇಕು ತಾನೆ? ಕಾಣುವುದಿಲ್ಲ. ಆ ಕಡಲೆಕಾಳಿನ ಮನುಷ್ಯನ ಕಣ್ಣಿಗೆ ಎಷ್ಟು ಕಾಣುತ್ತದೋ ಅಷ್ಟೇ ನಮಗೂ. ಅವನ ಎದುರಿನ ಗೋಡೆಯ ಆಚೆ ಎಲ್ಲವೂ ಕಪ್ಪು. ಅವನು ಒಂದು ಹೆಜ್ಜೆ ಇಟ್ಟರೆ ಆ ಕಪ್ಪು ಸರಿಯುತ್ತದೆ, ಬಾಗಿಲಿನ ಸಂದಿಯಿಂದ ಒಂದು ತ್ರಿಕೋನದಷ್ಟು ನೆಲ ತೆರೆದುಕೊಳ್ಳುತ್ತದೆ. ಆ ತ್ರಿಕೋನದ ಅಂಚಿನಲ್ಲಿ ಏನೋ ಅಲುಗುತ್ತದೆ.

“ನೋಡಿ ಅಂಕಲ್,” ಎಂದಳು ಹುಡುಗಿ, ಕಣ್ಣು ಪರದೆಯಿಂದ ತೆಗೆಯದೆ. “ದೇವರ ಕಣ್ಣು ಕೊಟ್ಟ ಹಾಗೆ ಮಾಡಿ ಕಣ್ಣಿಗೆ ಬಟ್ಟೆ ಕಟ್ಟಿದ್ದಾರೆ. ಅದಕ್ಕೇ ಇದು ನನಗಿಷ್ಟ.”

“ಅದಕ್ಕೇ ಇದು ಬೋರು,” ಎಂದ ತಮ್ಮ. “ಮೂರು ಗುಂಡು ಇಟ್ಕೊಂಡು ಮೂಲೆಯಲ್ಲಿ ಕೂತ್ಕೊಳ್ಳೋದು ಆಟನಾ?”

ಅಲ್ಲಿಂದ ಶುರುವಾದ ಜಗಳ ಮೂರು ದಿನ ನನ್ನ ಜೊತೆ ಬೆಟ್ಟ ಹತ್ತಿ ಇಳಿಯಿತು.

*

ತಮ್ಮನ ಪಕ್ಷ ಸರಳ. ಅವನಿಗೆ ರಷ್ಯದ ಸಿಗ್ಮಾ ಟೀಮ್‌ನವರು 2003ರಲ್ಲಿ ಮಾಡಿದ ‘ಏಲಿಯನ್ ಶೂಟರ್’ ಬೇಕು. ಅದರಲ್ಲಿ ಹುಳುಗಳೂ ಹಲ್ಲಿಗಳೂ ಗೋಡೆ ಒಡೆದುಕೊಂಡು ನೂರಾರು ಸಂಖ್ಯೆಯಲ್ಲಿ ನುಗ್ಗುತ್ತವೆ. ನಾವು ನಿಂತಲ್ಲೇ ತಿರುಗುತ್ತ ಸುಡಬೇಕು. ಸತ್ತವು ಮಾಯವಾಗುವುದಿಲ್ಲ, ನೆಲದ ಮೇಲೆ ಹಾಗೆಯೇ ಬಿದ್ದಿರುತ್ತವೆ. “ಒಂದು ರೂಮು ಮುಗಿಸಿ ಹಿಂದೆ ತಿರುಗಿ ನೋಡಿದ್ರೆ ನೆಲವೇ ಕಾಣಲ್ಲ ಅಂಕಲ್! ಅದು ಮಜಾ.”

ಆ ಮಜಾ ನನಗೂ ಗೊತ್ತಿತ್ತು. ಇಪ್ಪತ್ತು ವರ್ಷಗಳ ಹಿಂದೆ ಶಿವಮೊಗ್ಗದ ಸೈಬರ್ ಕೆಫೆಯಲ್ಲಿ ಗಂಟೆಗೆ ಹದಿನೈದು ರೂಪಾಯಿ ತೆತ್ತು ಅದನ್ನೇ ಆಡಿದವನು ನಾನು. ಪ್ಲೈವುಡ್ಡಿನ ಗೂಡಿನಲ್ಲಿ ಕೂತು, ಪಕ್ಕದ ಗೂಡಿನವನಿಗೆ ಕೇಳುವಂತೆ ಹಲ್ಲು ಕಚ್ಚಿ ಸುಟ್ಟಿದ್ದೆ. ಹೇಳಿದೆ. ತಮ್ಮನಿಗೆ ನಾನು ಆ ಕ್ಷಣಕ್ಕೆ ನೆಂಟನಾದೆ.

ಅಕ್ಕ ಬಿಡಲಿಲ್ಲ. “ಅದರಲ್ಲಿ ಭಯ ಎಲ್ಲಿದೆ? ಮದುವೆ ಮನೆಯಲ್ಲಿ ಜನ ನುಗ್ಗಿದ ಹಾಗೆ. ಸುಸ್ತಾಗತ್ತೆ, ಹೆದರಿಕೆ ಆಗಲ್ಲ. ಇದರಲ್ಲಿ ನೋಡಿ, ತಿಂದು ಬಿಟ್ಟ ಡಬ್ಬಿ, ಮೊಳೆ, ಕೊಳವೆ, ಸಿಕ್ಕಿದ್ದೆಲ್ಲ ಸೇರಿಸಿ ಬಂದೂಕು ಕಟ್ಟಬೇಕು. ಸತ್ತರೆ ಮೊದಲಿಂದ. ಮೊದಲಿಂದ ಅಂದರೆ ಮನೆಯ ನಕ್ಷೆಯೂ ಬದಲಾಗಿರತ್ತೆ.”

“ಅದೇ ನಾನು ಹೇಳೋದು, ಸೇವ್ ಮಾಡಕ್ಕೂ ಬಿಡಲ್ಲ!”

ಇಬ್ಬರ ಮಾತೂ ಹೊಸದಲ್ಲ. ಈ ಬಗೆಯ ಆಟ ಹುಟ್ಟಿದಾಗಿನಿಂದ ಆಡುವವರು ಹೀಗೆಯೇ ಎರಡು ಪಂಗಡ. 1982ರಲ್ಲಿ ಅಮೆರಿಕದಲ್ಲಿ ‘ರೊಬೊಟ್ರಾನ್ 2084’ ಬಂದಾಗ ಅದರಲ್ಲಿ ಎರಡು ಹಿಡಿಕೆಗಳಿದ್ದವು. ಒಂದು ಓಡಲು, ಒಂದು ಸುಡಲು. ಮುಂದೆ ಓಡುತ್ತ ಹಿಂದಕ್ಕೆ ಗುಂಡು ಹಾರಿಸುವ ಆ ಸುಖವೇ ತಮ್ಮನ ಪಂಗಡದ ಮೂಲ. 1991ರಲ್ಲಿ ಇಂಗ್ಲೆಂಡಿನ ಟೀಮ್ 17 ‘ಏಲಿಯನ್ ಬ್ರೀಡ್’ ಎಂಬ ಆಟ ತಂದಿತು. ಅದರಲ್ಲಿ ಗುಂಡಿಗೂ ಲೆಕ್ಕ, ಬಾಗಿಲು ತೆರೆಯುವ ಬೀಗದ ಕೈಗೂ ಲೆಕ್ಕ. ತಪ್ಪು ಬಾಗಿಲು ತೆರೆದರೆ ಕೈ ಖಾಲಿ. ಅಕ್ಕನ ಪಂಗಡದ ಹಿರಿಯರು ಅವರು. 2010ರಲ್ಲಿ ವಾಲ್ವ್ ಕಂಪನಿ ಉಚಿತವಾಗಿ ಹಂಚಿದ ‘ಏಲಿಯನ್ ಸ್ವಾರ್ಮ್’ ಎರಡನ್ನೂ ಬೆಸೆಯಿತು. ಶತ್ರುಗಳು ಹಿಂಡು ಹಿಂಡಾಗಿ ಬರುತ್ತಾರೆ, ನಾವು ನಾಲ್ವರು. ಗಡಿಬಿಡಿಯಲ್ಲಿ ಸುಟ್ಟರೆ ಪಕ್ಕದ ಗೆಳೆಯನಿಗೇ ಗುಂಡು ತಾಗುತ್ತದೆ. ಅದನ್ನು ಆಡಿದವರಲ್ಲಿ ಅರ್ಧ ಜನಕ್ಕೆ ಅದೇ ಅದರ ಹೆಚ್ಚುಗಾರಿಕೆ, ಇನ್ನರ್ಧಕ್ಕೆ ಅದೇ ಕಿರಿಕಿರಿ. ಗೆಳೆಯ ಎಂಥವನು ಎನ್ನುವುದರ ಮೇಲೆ ನಿಂತಿದೆ ಅಭಿಪ್ರಾಯ.

ಅಷ್ಟು ಹೊತ್ತು ಮೂಲೆಯಲ್ಲಿ ಕೂತಿದ್ದ ತಾತ ಎದ್ದು ಬಂದು ಪರದೆಯನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: “ಇವನ ಟಾರ್ಚ್ ಯಾರ ಕೈಲಿದೆ?”

ಮಕ್ಕಳು ನಕ್ಕರು. ನನಗೆ ನಗು ಬರಲಿಲ್ಲ. ಇದೇ ಪ್ರಶ್ನೆಗೆ ಒಂದು ಕಾಲದಲ್ಲಿ ಜಗತ್ತಿನ ಆಟಗಾರರೆಲ್ಲ ಕಿತ್ತಾಡಿದ್ದರು. 2004ರ ‘ಡೂಮ್ 3’ ಮೇಲಿಂದ ನೋಡುವ ಆಟವಲ್ಲ, ಕಣ್ಣಿನ ಮಟ್ಟದ ಆಟ. ಮಂಗಳ ಗ್ರಹ, ಕಗ್ಗತ್ತಲು. ಅದರ ನಾಯಕ ಟಾರ್ಚ್ ಹಿಡಿದರೆ ಬಂದೂಕು ಹಿಡಿಯುವಂತಿಲ್ಲ, ಬಂದೂಕು ಹಿಡಿದರೆ ಟಾರ್ಚ್ ಇಲ್ಲ. ಭಯಕ್ಕೆ ಇದೇ ಸರಿ ಎಂದವರು ಕೆಲವರು. ಮಂಗಳಕ್ಕೆ ಹೋಗಲು ಬಲ್ಲ ಜನಕ್ಕೆ ಒಂದು ಗಮ್ ಟೇಪು ಸಿಗಲಿಲ್ಲವೆ ಎಂದು ಬೈದವರು ಹಲವರು. ಕೊನೆಗೆ ಆಟಗಾರರೇ ಬಂದೂಕಿಗೆ ಟೇಪಿನಲ್ಲಿ ಟಾರ್ಚ್ ಅಂಟಿಸಿದಂತೆ ಆಟವನ್ನು ತಿದ್ದಿ ಹಂಚಿಕೊಂಡರು. 2012ರಲ್ಲಿ ಆಟ ಹೊಸ ರೂಪದಲ್ಲಿ ಬಂದಾಗ ಮಾಡಿದವರೇ ಸೋತು ನಾಯಕನ ಕವಚಕ್ಕೆ ಟಾರ್ಚ್ ಸಿಕ್ಕಿಸಿದರು. ‘ಡೂಮ್ 3’ ಬಂದ ಮರುವರ್ಷವೇ, 2005ರಲ್ಲಿ, ಫಿನ್‌ಲೆಂಡಿನ ಫ್ರೋಜನ್‌ಬೈಟ್‌ನವರು ಗುರುಗ್ರಹದ ಉಪಗ್ರಹ ಗ್ಯಾನಿಮೀಡಿನಲ್ಲಿ ನಡೆಯುವ ‘ಶ್ಯಾಡೋಗ್ರೌಂಡ್ಸ್’ ಮಾಡಿದ್ದರು. ಅದು ಮೇಲಿಂದ ನೋಡುವ ಆಟ. ನಾಯಕ ಸೈನಿಕನಲ್ಲ, ರಿಪೇರಿ ಕೆಲಸದವನು. ಕೋವಿಯ ಜೊತೆಗೇ ಟಾರ್ಚ್ ಉರಿಯುತ್ತದೆ, ಬೆಳಕು ಬಿದ್ದರೆ ಹಿಂಜರಿಯುವ ಜೀವಿಗಳೂ ಅದರಲ್ಲಿವೆ.

ಇದನ್ನೆಲ್ಲ ಹೇಳಿದೆ. ತಾತ ತಮ್ಮ ಹಣೆಯ ಟಾರ್ಚನ್ನು ಮುಟ್ಟಿಕೊಂಡು, “ಹಂದಿ ಗದ್ದೆಗೆ ಬಿದ್ದ ರಾತ್ರಿ ಓಡಿಸಲಿಕ್ಕೆ ಹೋದವರಿಗೆ ಇದು ಗೊತ್ತಿರ್ತದೆ. ಅವರು ಮಂಗಳಕ್ಕೆ ಹೋಗುವ ಮೊದಲು ಇಲ್ಲಿಗೆ ಬರಬೇಕಿತ್ತು,” ಎಂದರು. ಬ್ಯಾಟರಿ ಮುಗಿದು ಪರದೆ ಕಪ್ಪಾಯಿತು. ಆ ಎಸ್ಟೋನಿಯಾದ ವಿಜ್ಞಾನಿ ಎಲ್ಲಿದ್ದನೋ ಅಲ್ಲೇ ಉಳಿದ.

*

ಮರುದಿನ ಬೆಳಗ್ಗೆ ಮಳೆ ಬಿಟ್ಟಿತ್ತು. ಮನೆಯ ಹಿಂದೆ ಕಿತ್ತಳೆ ಮರಗಳ ಬುಡದಲ್ಲಿ ನಾಲ್ಕು ಜೇನುಪೆಟ್ಟಿಗೆಗಳು. ಒಂದು ಕಾಲಕ್ಕೆ ಏಷ್ಯಾದಲ್ಲೇ ಅತಿ ಹೆಚ್ಚು ಜೇನು ತೆಗೆಯುವ ಊರೆಂದು ಕಕ್ಕಬೆಗೆ ಹೆಸರಿತ್ತು. ಆಗ ತಾತನ ಮನೆಯಲ್ಲೇ ನಲವತ್ತು ಪೆಟ್ಟಿಗೆ ಇದ್ದವಂತೆ. ಅವರು ಒಂದರ ಮುಚ್ಚಳ ತೆಗೆದು ನನ್ನನ್ನು ಕರೆದರು. ಬಗ್ಗಿ ನೋಡಿದೆ.

ಚಾವಣಿ ಕಿತ್ತ ಮನೆ! ಕೋಣೆ ಕೋಣೆ ಕೋಣೆ. ಓಣಿಗಳಲ್ಲಿ ತುಡುವೆ ಜೇನುಗಳು ಒಂದರ ಮೇಲೊಂದು ಹರಿದಾಡುತ್ತಿವೆ. ಯಾವುದಕ್ಕೂ ಮೇಲೆ ಒಂದು ಮುಖ ಇಣುಕುತ್ತಿದೆ ಎಂಬ ಪರಿವೆ ಇಲ್ಲ. ನಿನ್ನೆ ರಾತ್ರಿಯ ಪರದೆ ಇಲ್ಲಿ ಮರದ ಚೌಕಟ್ಟಿನಲ್ಲಿ ಜೀವ ತಳೆದು ಗುಂಯ್ ಎನ್ನುತ್ತಿತ್ತು. ನಾನು ಉಸಿರು ಬಿಗಿ ಹಿಡಿದೆ. ಈ ಆಟಗಳನ್ನು ಕಟ್ಟುವವರೆಲ್ಲ ತಮ್ಮ ಅನ್ಯಗ್ರಹದ ಜೀವಿಗಳಿಗೆ ರಾಣಿ, ಗೂಡು, ಹಿಂಡು ಎಲ್ಲವನ್ನೂ ಇಂಥ ಪೆಟ್ಟಿಗೆಯಿಂದಲೇ ಸಾಲ ತಂದವರು.

ಆಗ ತಾತ ತೊಂಬತ್ತೊಂದರ ಮಾತು ತೆಗೆದರು. ಒಂದು ಬೆಳಗ್ಗೆ ಹೀಗೆಯೇ ಮುಚ್ಚಳ ತೆಗೆದಾಗ ಕೆಲವು ಕೋಣೆಗಳಲ್ಲಿ ಮರಿಗಳು ತಲೆ ಎತ್ತಿಕೊಂಡು ನಿಂತ ಹಾಗೆ ಸತ್ತಿದ್ದವಂತೆ. ಚಿಮುಟದಲ್ಲಿ ಎತ್ತಿದರೆ ಮರಿಯಲ್ಲ, ನೀರು ತುಂಬಿದ ಚೀಲ. ಚರ್ಮ ಮಾತ್ರ ಉಳಿದಿತ್ತು, ಒಳಗೆಲ್ಲ ಕರಗಿ ನೀರು. ವಾರದಲ್ಲಿ ಪಕ್ಕದ ಪೆಟ್ಟಿಗೆ, ತಿಂಗಳಲ್ಲಿ ಪಕ್ಕದ ತೋಟ. ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ಅದು. ಥಾಯ್ಲೆಂಡಿನಲ್ಲಿ ಮೊದಲು ಗುರುತಿಸಿದ್ದರಿಂದ ಆ ಹೆಸರು. 1991–92ರಲ್ಲಿ ಅದು ದಕ್ಷಿಣ ಭಾರತದ ತುಡುವೆ ಜೇನಿನ ಬಹುಪಾಲು ಸಂಸಾರಗಳನ್ನು ಒರೆಸಿ ಹಾಕಿತು. ಕಕ್ಕಬೆಯ ಹೆಸರೂ ಅದರೊಂದಿಗೆ ಹೋಯಿತು.

“ದಿನಾ ಮುಚ್ಚಳ ತೆಗೆದು ನೋಡ್ತಿದ್ದೆ,” ಎಂದರು ತಾತ. “ಎಲ್ಲ ಕಾಣ್ತಿತ್ತು. ಏನು ಬಂದು ಕೊಲ್ತಾ ಇದೆ ಅದೊಂದು ಬಿಟ್ಟು.”

ಇಂಗ್ಲೆಂಡಿನ ಹುಡುಗರು ಪರದೆಯ ಮೇಲೆ ‘ಏಲಿಯನ್ ಬ್ರೀಡ್’ ಆಡುತ್ತ ಬೆವೆತ ವರ್ಷವೂ ಅದೇ. ನಾನು ಬಾಯಿ ಬಿಡಲಿಲ್ಲ. ಮೊಮ್ಮಗಳು ಪೆಟ್ಟಿಗೆಯ ಮುಚ್ಚಳವನ್ನು ಮೆಲ್ಲಗೆ, ಒಂದು ಹುಳುವೂ ಸಿಕ್ಕದಂತೆ, ಮತ್ತೆ ಇಟ್ಟಳು. ತಮ್ಮ ಮಾತ್ರ, “ಇದಕ್ಕೆ ಎಷ್ಟು ಗುಂಡು ಇದ್ದಿದ್ರೂ ಆಗ್ತಿರಲಿಲ್ಲ ಅಲ್ವಾ ತಾತ,” ಎಂದ. ಅವನ ಪಕ್ಷದಿಂದ ಬಂದ ಮೊದಲ ತೂಕದ ಮಾತು ಅದು.

*

ಮಧ್ಯಾಹ್ನ ಮಕ್ಕಳು ನನ್ನನ್ನು ನಾಲ್ಕುನಾಡು ಅರಮನೆಗೆ ಕರೆದೊಯ್ದರು. ಯವಕಪಾಡಿಯಲ್ಲಿ, ತಡಿಯಂಡಮೋಳ್ ಬೆಟ್ಟದ ಮಡಿಲಿನಲ್ಲಿ, ಹೆಂಚಿನ ಎರಡಂತಸ್ತಿನ ಕಟ್ಟಡ. ಅರಮನೆ ಎಂದುಕೊಂಡು ಬಂದವರಿಗೆ ದೊಡ್ಡ ತೋಟದ ಮನೆಯಷ್ಟೇ ಅನಿಸಬಹುದು. ಒಳಗೆ ಕಾಲಿಟ್ಟ ಮೇಲೆ ಹಾಗನಿಸುವುದಿಲ್ಲ. ಮುಂಭಾಗದಲ್ಲಿ ಗೋಡೆ, ಚಾವಣಿಗಳ ತುಂಬ ಬಣ್ಣದ ಚಿತ್ರಗಳು. ಎರಡು ಬಾಗಿಲು ದಾಟುತ್ತಲೇ ಕತ್ತಲು. ಹೊರಗೆ ಹಗಲು ಎರಡು ಗಂಟೆ. ಒಳಗಿನ ಕೋಣೆಯಲ್ಲಿ ನನ್ನ ಕೈ ನನಗೆ ಕಾಣಲಿಲ್ಲ.

ದೊಡ್ಡ ವೀರರಾಜೇಂದ್ರ ಇದನ್ನು ಕಟ್ಟಿಸಿದ್ದು 1792ರಿಂದ 94ರ ನಡುವೆ. ಟಿಪ್ಪುವಿನ ಸೆರೆಯಲ್ಲಿ ಪಿರಿಯಾಪಟ್ಟಣದಲ್ಲಿದ್ದು 1788ರಲ್ಲಿ ತಪ್ಪಿಸಿಕೊಂಡು ಬಂದ ಅರಸ ಅವನು. ಬಾಗಿಲುಗಳ ಬೆಲೆ ತಿಳಿದವನು. ಕಾಡಿನ ನಡುವೆ ಈ ಜಾಗ ಆರಿಸಿದ್ದೇಕೆಂದು ಕೇಳಬೇಕಿಲ್ಲ. ನಲವತ್ತು ವರ್ಷ ಕಳೆದು, 1834ರ ಏಪ್ರಿಲ್‌ನಲ್ಲಿ ಬ್ರಿಟಿಷ್ ಪಡೆ ಕೊಡಗಿಗೆ ನುಗ್ಗಿದಾಗ, ಹಾಲೇರಿ ವಂಶದ ಕಡೆಯ ಅರಸ ಚಿಕ್ಕವೀರರಾಜೇಂದ್ರ ಮಡಿಕೇರಿ ಬಿಟ್ಟು ಬಂದು ಕೂತದ್ದು ಇಲ್ಲೇ. ಇಲ್ಲಿಂದ ಹೊರಟು ಶರಣಾದ. ರಾಜ್ಯ ಹೋಯಿತು. 1859ರಲ್ಲಿ ಲಂಡನ್ನಿನಲ್ಲಿ ಸತ್ತ.

ಕತ್ತಲ ಕೋಣೆಯಲ್ಲಿ ಮಕ್ಕಳಿಬ್ಬರೂ ಮಾತು ನಿಲ್ಲಿಸಿದ್ದರು. ಹೊರಗಿನ ಯಾವ ಸದ್ದೂ ಇಲ್ಲ. ಅರಸ ಹೀಗೆ ಕೂತು ಯಾವ ಸದ್ದಿಗೆ ಕಿವಿಗೊಟ್ಟಿದ್ದನೋ. ಸೈನ್ಯ ಎಷ್ಟು ದೂರದಲ್ಲಿದೆ, ಯಾವ ಕಣಿವೆಯಿಂದ ಬರುತ್ತಿದೆ, ತನ್ನವರಲ್ಲಿ ಎಷ್ಟು ಮಂದಿ ಇನ್ನೂ ತನ್ನವರು, ಇದನ್ನು ಮೇಲಿಂದ ತೋರಿಸುವ ನಕ್ಷೆ ಅವನ ಬಳಿ ಇರಲಿಲ್ಲ. ಬಾಗಿಲಿನ ಸಂದಿಯ ತ್ರಿಕೋನ ಮಾತ್ರ.

“ನಾನು ಚಿಕ್ಕವಳಿದ್ದಾಗ ಇಲ್ಲೇ ಕಣ್ಣಾಮುಚ್ಚಾಲೆ ಆಡ್ತಿದ್ವಿ,” ಎಂದಳು ಹುಡುಗಿ, ಗುಟ್ಟು ಹೇಳುವವಳಂತೆ. “ಯಾವ ಕಂಪ್ಯೂಟರ್ ಗೇಮ್ ಆಡಿದ್ರೂ ನನಗೆ ಹೋಲಿಸೋಕೆ ಈ ಮನೆಯೇ. ಇದರಷ್ಟು ಹೆದರಿಸಲಿಲ್ಲ ಅಂದ್ರೆ ಅನ್‌ಇನ್‌ಸ್ಟಾಲ್.” ಎಷ್ಟೋ ವಿಮರ್ಶಕರಿಗೆ ಇಲ್ಲದ ಅಳತೆಗೋಲು ಈ ಹುಡುಗಿಗೆ ಊರೇ ಕೊಟ್ಟಿದೆ.

*

ತಡಿಯಂಡಮೋಳ್ 1748 ಮೀಟರ್. ಕೊಡಗಿನ ಅತಿ ಎತ್ತರದ ಶಿಖರ. ಅರಮನೆಯ ಹತ್ತಿರದಿಂದಲೇ ದಾರಿ. ಬೆಳಗಿನ ಆರಕ್ಕೆ ಹೊರಟೆವು, ಮಕ್ಕಳು, ನಾನು, ಊರಿನ ಒಬ್ಬ ದಾರಿ ಬಲ್ಲವರು. ಮೊದಲು ಕಾಫಿ, ಆಮೇಲೆ ಶೋಲಾ ಕಾಡು, ಆಮೇಲೆ ಹುಲ್ಲು. ಶೋಲಾದೊಳಗೆ ಹಸಿ ಎಲೆಯ ವಾಸನೆ, ಪಾಚಿ ಹೊದ್ದ ಕಾಂಡಗಳು, ಕಾಲಡಿಯಲ್ಲಿ ಎಲ್ಲೆಲ್ಲೂ ನೀರಿನ ಸದ್ದು. ನೀರು ಕಾಣುವುದಿಲ್ಲ. ದಾರಿ ತಿರುಗಿದಲ್ಲೆಲ್ಲ ದಾರಿಬಲ್ಲವರು ನಿಲ್ಲುತ್ತಿದ್ದರು. ತಲೆ ಓರೆ ಮಾಡಿ ಕೇಳುತ್ತಿದ್ದರು. ಮತ್ತೆ ನಡೆಯುತ್ತಿದ್ದರು. ನಾನು ಅವರ ಹಿಂದೆ, ಅವರಿಗೆ ಕಂಡಷ್ಟೇ ನನಗೆ.

ಕಾಡು ಮುಗಿದು ಹುಲ್ಲಿಗೆ ಬಂದೆವು. ಮಂಜು. ಮುಂದಿನವರ ಬೆನ್ನು ಕಂಡರೆ ಪುಣ್ಯ. ಕೊನೆಯ ಕಡಿದಾದ ಏರನ್ನು ಕೈಯೂರಿ ಹತ್ತಿ ತುದಿಯಲ್ಲಿ ಕೂತಾಗ ಬಿಳಿಯ ಗೋಡೆಯ ಹೊರತು ಏನೂ ಇಲ್ಲ. ಇಷ್ಟು ಹತ್ತಿದ್ದು ಇದಕ್ಕೇ ಎಂದುಕೊಳ್ಳುವಷ್ಟರಲ್ಲಿ ಯಾರೋ ಪರದೆ ಜಗ್ಗಿದಂತೆ ಮಂಜು ಹರಿಯಿತು.

ಏನು ಹೇಳಲಿ! ಕೊಡಗು ಇಡಿಯಾಗಿ ಕಾಲ ಕೆಳಗೆ. ನಾಟಿ ಮುಗಿದ ಗದ್ದೆಗಳು ಕಣಿವೆಗಳ ಉದ್ದಕ್ಕೂ ಎಳೆ ಹಸಿರಿನ ನಾಲಗೆಗಳಂತೆ, ಅವುಗಳ ಎರಡೂ ದಂಡೆಗೆ ಕಾಫಿಯ ಕಡು ಹಸಿರು, ನಡುನಡುವೆ ಹೆಂಚಿನ ಚೂರುಗಳು. ಆ ಚೂರುಗಳೇ ಮನೆಗಳು. ಪಶ್ಚಿಮಕ್ಕೆ ಕೇರಳದ ಬೆಟ್ಟಗಳು ನೀಲಿಯಿಂದ ಬೂದಿಗೆ, ಬೂದಿಯಿಂದ ಇಲ್ಲವೆಂಬುದಕ್ಕೆ ಇಳಿಯುತ್ತಿದ್ದವು. ಆಕಾಶ ತಿಳಿಯಾಗಿದ್ದರೆ ಕಡಲೂ ಕಾಣುತ್ತದೆ ಎಂದರು. ನನಗೆ ಕಡಲು ಬೇಕಿರಲಿಲ್ಲ. ನಿನ್ನೆ ಅಳತೆಗೆ ಸಿಗದಿದ್ದ ಅರಮನೆ ಬೆರಳ ತುದಿಯಷ್ಟಾಗಿತ್ತು. ಮೊನ್ನೆ ಜಿಗಣೆಗೆ ರಕ್ತ ತೆತ್ತು ಹತ್ತಿದ ಏರು ಒಂದು ಗೆರೆ. ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಯಾವ ತೋಡು ಎಲ್ಲಿ ಕೂಡುತ್ತದೆ, ಎಲ್ಲವೂ ಸರಳ, ಎಲ್ಲವೂ ನನ್ನದು. ಮೇಲಿಂದ ನೋಡುವ ಆಟಗಳು ಯಾಕೆ ಇಷ್ಟೊಂದು ಜನರನ್ನು ಹಿಡಿದಿವೆ ಎಂಬುದು ಅಲ್ಲಿ ಕೂತಾಗ ಮೈಗೆ ತಿಳಿಯಿತು. ದಾರಿ ತಪ್ಪಿದವನಿಗೆ ನಕ್ಷೆ ಕೊಡುವ ಸುಖ ಅದು.

ಹತ್ತು ನಿಮಿಷ. ಮಂಜು ಮತ್ತೆ ಮುಚ್ಚಿತು.

ಇಳಿದು ಬರುವಾಗ ಶೋಲಾದ ಬಾಯಲ್ಲಿ ದಾರಿಬಲ್ಲವರು ಗಕ್ಕನೆ ನಿಂತರು. ಬೆಳಗ್ಗೆ ನಾವೇ ತುಳಿದು ಹೋದ ಕಾಲುದಾರಿಯ ಮೇಲೆ ಆನೆಯ ಲದ್ದಿ. ಹಬೆಯಾಡುತ್ತಿತ್ತು. ಪಕ್ಕದಲ್ಲಿ ನನ್ನದೇ ಶೂಸಿನ ಗುರುತಿನ ಮೇಲೆ ತಟ್ಟೆಯಗಲದ ಹೆಜ್ಜೆ.

ನಾವು ತುದಿಯಲ್ಲಿ ಕೂತು ಕೊಡಗೆಲ್ಲ ನಮ್ಮದೆಂದುಕೊಂಡ ಆ ಹೊತ್ತಿನಲ್ಲಿ ಅದು ಇಲ್ಲಿ ದಾಟಿರಬೇಕು. ಈ ಮರಗಳ ತಲೆಯ ಮೇಲೆಯೇ ಕಣ್ಣು ಹಾಯಿಸಿದ್ದೆ. ಹಸಿರು ಕಂಡಿತ್ತು, ಚೆಂದ ಕಂಡಿತ್ತು. ಅಷ್ಟು ದೊಡ್ಡ ಪ್ರಾಣಿ ಕಂಡಿರಲಿಲ್ಲ.

ಅರ್ಧ ಗಂಟೆ ಅಲುಗದೆ ನಿಂತೆವು. ಎಲ್ಲೋ ಬಿದಿರು ಮುರಿದ ಸದ್ದು, ಆಮೇಲೆ ಅದೂ ಇಲ್ಲ. ತಮ್ಮ ನನ್ನ ಅಂಗಿಯ ತುದಿ ಹಿಡಿದುಕೊಂಡಿದ್ದ. ಅಕ್ಕ ತುಟಿ ಅಲುಗಿಸಿ ಸದ್ದಿಲ್ಲದೆ ಅವನಿಗೆ ಹೇಳಿದ್ದು ನನಗೆ ಅರ್ಥವಾಯಿತು: ಇದೇ ನಾನು ಹೇಳಿದ್ದು.

ಅವಳ ಪಕ್ಷವೇ ಗೆದ್ದಿತು ಎನ್ನಬಹುದು. ಆದರೆ ಆ ಸಂಜೆ, ಬಿಸಿನೀರಲ್ಲಿ ಕಾಲಿಟ್ಟುಕೊಂಡು ಕೂತಾಗ, ಜನರೇಟರ್ ಹಾಕುತ್ತಲೇ ಅವಳು ತಾನಾಗಿಯೇ ‘ಏಲಿಯನ್ ಶೂಟರ್’ ತೆರೆದು ತಮ್ಮನಿಗೆ ಕೊಟ್ಟಳು. “ಇವತ್ತು ನನಗೆ ಮೂರು ಗುಂಡಿನ ಆಟ ಬೇಡ,” ಎಂದಳು. ತಮ್ಮ ನೂರಾರು ಹಲ್ಲಿಗಳನ್ನು ನೆಲ ಕಾಣದಂತೆ ಕೆಡವಿದ. ನಾವೆಲ್ಲ ಕೂಗಿದೆವು, ತಾತನೂ ಸೇರಿ. ನಿಜವಾಗಿ ಹೆದರಿ ಬಂದವರಿಗೆ ಅಂಥ ಆಟವೂ ಬೇಕು. ಅದನ್ನು ಮಕ್ಕಳಾಟವೆಂದು ಜರೆಯುವವರ ಕಾಲಬುಡದಲ್ಲಿ ಲದ್ದಿ ಹಬೆಯಾಡಿಲ್ಲ.

*

ಮರುದಿನ ಕೈಲ್‌ಪೊಳ್ದ್. ನಾಟಿ ಮುಗಿದ ಮೇಲೆ ಬರುವ ಆಯುಧಗಳ ಹಬ್ಬ. ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೊಳೆದು ಮನೆಯ ನಡುಕೋಣೆಯಾದ ನೆಲ್ಲಕ್ಕಿ ಬಾಡೆಯಲ್ಲಿ ದೀಪದ ಮುಂದೆ ಇಟ್ಟಿದ್ದರು. ಕೋವಿಯ ತುದಿಗೆ ಕೆಂಪು ಹಳದಿಯ ಬೆಂಕಿಯ ನಾಲಗೆಯಂಥ ಹೂವು. ಕೊಡವರು ಅದನ್ನು ತೋಕ್ ಪೂ ಎನ್ನುತ್ತಾರೆ, ಕೋವಿಯ ಹೂವು. ಎಲೆಯಲ್ಲಿ ಕಡಂಬುಟ್ಟು, ಪಂದಿ ಕರಿ.

ಕೊಡವರಿಗೆ ಕೋವಿ ಇಟ್ಟುಕೊಳ್ಳಲು ಲೈಸೆನ್ಸಿನ ವಿನಾಯಿತಿ ಸಿಕ್ಕಿದ್ದು 1861ರಲ್ಲಿ, ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕಾಲಕ್ಕೆ. ಸ್ವತಂತ್ರ ಭಾರತದಲ್ಲೂ ಅದು ಮುಂದುವರಿಯಿತು. 2021ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಎತ್ತಿ ಹಿಡಿಯಿತು. ಇಷ್ಟೊಂದು ಕೋವಿಗಳ ನಾಡಿನಲ್ಲಿ ಅಲ್ಲಿಯವರೆಗೆ ನಾನು ಕೇಳಿದ ಗುಂಡಿನ ಸದ್ದೆಲ್ಲ ಲ್ಯಾಪ್‌ಟಾಪಿನದೇ.

ಮಧ್ಯಾಹ್ನ ಮೈದಾನದಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಎತ್ತರದ ಮರದ ಮೇಲೆ ಕಟ್ಟಿದ ಕಾಯಿ ನೆಲದಿಂದ ನಿಂಬೆಹಣ್ಣಿನಷ್ಟು ಕಾಣುತ್ತದೆ. ರಾತ್ರಿಯೆಲ್ಲ ನೂರು ನೂರು ಕೆಡವಿದ್ದ ತಮ್ಮನ ಸರದಿ ಬಂತು. ಕೋವಿ ಹೆಗಲಿಗೇರಿಸಿದ. ಕೈ ನಡುಗಿತು. ಗುಂಡು ಮೋಡಕ್ಕೆ ಹೋಯಿತು. ಲೆಕ್ಕ ಹಾಕಿ ಸುಡುವ ಅಕ್ಕನದು ಕೊಂಬೆಗೆ. ನಿನ್ನೆ ನಮಗೆ ನೂಲ್‌ಪುಟ್ಟು ಬಡಿಸಿದ್ದ ಪಕ್ಕದ ತೋಟದ ಆಂಟಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಬಂದು, ಕೋವಿ ಎತ್ತಿ, ಉಸಿರು ನಿಲ್ಲಿಸಿ, ಒಂದೇ ಏಟಿಗೆ ಕಾಯಿಯನ್ನು ಚೂರು ಮಾಡಿ, ಕೋವಿ ಹಿಂದಿರುಗಿಸಿ ಅಡುಗೆಮನೆಯ ಕಡೆ ಹೋದರು. ಅವರಿಗೆ ಯಾವ ಆಟದ ಬಗ್ಗೆಯೂ ಅಭಿಪ್ರಾಯ ಇರಲಿಲ್ಲ.

ಹೊರಡುವ ಮುನ್ನ ತಾತ ಬೀರು ತೆರೆದು ಕೋವಿಯನ್ನು ಒಳಗಿಟ್ಟರು. ಮೂಲೆಯಲ್ಲಿ ಒಂದು ತಗಡಿನ ಡಬ್ಬಿ. ಅದರಲ್ಲಿ ಎರಡೇ ತೋಟಾ.

“ಇಷ್ಟೇನಾ ತಾತ?” ಎಂದೆ. ಆಟದ ಭಾಷೆ ಬಾಯಿಗೆ ಅಂಟಿತ್ತು.

“ಅವು ಹೊಡೆಯುವುದಕ್ಕಲ್ಲ,” ಎಂದರು. ಕೊಡವರ ಮನೆಯಲ್ಲಿ ಗಂಡು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಪದ್ಧತಿ ಇದೆ. “ನಾನು ಹೋದ ದಿನ ಮಕ್ಕಳು ಹುಡುಕಬಾರದಲ್ಲ. ಅದಕ್ಕೆ ಎತ್ತಿಟ್ಟಿದ್ದೇನೆ.” ಡಬ್ಬಿ ಮುಚ್ಚಿದರು. ಬಾಗಿಲ ಬಳಿ ನಿಂತಿದ್ದ ಮೊಮ್ಮಗಳು ಅದನ್ನು ಕೇಳಿಸಿಕೊಂಡಳು, ಕೇಳಿಸಿಕೊಳ್ಳದವಳಂತೆ ನನ್ನ ಚೀಲ ಎತ್ತಿಕೊಂಡಳು.

ಬೆಂಗಳೂರಿಗೆ ಬಂದು ‘ಟೆಲಿಗ್ಲಿಚ್’ ಕೊಂಡು ಆಡುತ್ತಿದ್ದೇನೆ. ಮೂರನೆಯ ಹಂತ ದಾಟಿಲ್ಲ. ಅಕ್ಷರ ಸಣ್ಣದು, ಚಿತ್ರ ಒರಟು, ಸತ್ತರೆ ಮೊದಲಿಂದ ಎಂಬ ಶಿಕ್ಷೆ ಕಠಿಣ. ತಮ್ಮನ ದೂರುಗಳೆಲ್ಲ ನಿಜ. ಆದರೂ ರಾತ್ರಿ ದೀಪ ಆರಿಸಿ ಕೂತರೆ ಆ ಕಪ್ಪು ಸರಿಯುವಾಗ ಶೋಲಾದ ತಿರುವಿನಲ್ಲಿ ತಲೆ ಓರೆ ಮಾಡಿ ನಿಂತವರು ನೆನಪಾಗುತ್ತಾರೆ. ಈ ಬಗೆಯ ಆಟಗಳಲ್ಲಿ ನನ್ನ ಮಟ್ಟಿಗೆ ಇದೇ ಮೇಲು. ನೀವು ಮೊದಲು ಏನಾದರೂ ಆಡುವುದಿದ್ದರೆ ‘ಏಲಿಯನ್ ಶೂಟರ್’ ಆಡಿ, ಕೈ ಕುದುರಿದ ಮೇಲೆ ಇದಕ್ಕೆ ಬನ್ನಿ.

ಕಕ್ಕಬೆಗೆ ಹೋಗುವುದಿದ್ದರೆ ಮಾತ್ರ ಮೊಬೈಲನ್ನು ನಂಬಬೇಡಿ. ತಲೆಗೆ ಕಟ್ಟುವ ಟಾರ್ಚ್ ಒಯ್ಯಿರಿ. ಅಲ್ಲಿ ಎರಡೂ ಕೈ ಬೇಕಾಗುತ್ತವೆ.